ಹತ್ತು ಮಂದಿ ಸೇರದ ಪಳ್ಳಿ

ಕೇರಳದ ಚೇಂದಮಂಗಲದ ಸಿನಗಾಗ್ (ಯೆಹೂದಿಗಳ ಪ್ರಾರ್ಥನಾ ಮಂದಿರ) ಕುರಿತ ನಮ್ಮ ಚಿತ್ರಲೇಖನ ಓದಿ ಮಂಗಳೂರಿನ ಓದುಗರೊಬ್ಬರು ಬರೆದಿದ್ದಾರೆ: “ಪ್ರಾರ್ಥನೆ ಮಾಡುವವರೇ ಇಲ್ಲದ ಮಂದಿರಕ್ಕೆ ಸರ್ಕಾರ ಸುಣ್ಣಬಣ್ಣ ಬಳಿದರೆ ಅದು ಸಂರಕ್ಷಣೆಯೇ? ಅಲ್ಲಿದ್ದ ಯೆಹೂದಿಗಳನ್ನು ಓಡಿಸಿದ್ದು ಯಾರೆಂದು ನೀವೇಕೆ ಬರೆಯಲಿಲ್ಲ?”

ಸಂಪಾದಕರ ಉತ್ತರ:

ಎರಡನೆಯ ಪ್ರಶ್ನೆಯನ್ನು ಮೊದಲು ಮುಗಿಸಿಬಿಡೋಣ. ಯಾರೂ ಓಡಿಸಲಿಲ್ಲ, ಸ್ವಾಮಿ. 1948ರಲ್ಲಿ ಇಸ್ರೇಲ್ ಹುಟ್ಟಿತು. ಮುಂದಿನ ವರ್ಷಗಳಲ್ಲಿ ಕೇರಳದ ಮಲಬಾರಿ ಯೆಹೂದಿಗಳು ಸಂಸಾರ ಸಮೇತ ತಾವಾಗಿಯೇ ಹೊರಟರು. ಸಿನಗಾಗ್‌ನಲ್ಲಿ ಸಾಮೂಹಿಕ ಪ್ರಾರ್ಥನೆಗೆ ಪ್ರಾಯಕ್ಕೆ ಬಂದ ಗಂಡಸರು ಹತ್ತು ಮಂದಿಯಾದರೂ ಸೇರಬೇಕೆಂಬುದು ಅವರ ಸಂಪ್ರದಾಯ. ಹಾಗಾಗಿ ಊರು ಪೂರ್ತಿ ಖಾಲಿಯಾಗಬೇಕೆಂದೇನಿಲ್ಲ, ಒಂಬತ್ತು ಮಂದಿ ಉಳಿದರೂ ಪ್ರಾರ್ಥನೆ ನಿಂತಂತೆಯೇ.

ಚೇಂದಮಂಗಲ ಕೊಚ್ಚಿ ಅರಸರ ಮಂತ್ರಿಗಳಾಗಿದ್ದ ಪಾಲಿಯತ್ ಅಚ್ಚನ್ ಮನೆತನದ ಊರು. ಅಲ್ಲಿಯ ಗುಡ್ಡದ ಆಸುಪಾಸಿನಲ್ಲೇ ದೇವಸ್ಥಾನ, ಮಸೀದಿ, ಇಗರ್ಜಿ, ಸಿನಗಾಗ್ ನಾಲ್ಕೂ ಇವೆ. ನಿಮ್ಮ ಕಡೆ ಮಸೀದಿಗೆ ಪಳ್ಳಿ ಎನ್ನುತ್ತೀರಲ್ಲ, ಮಲಯಾಳದಲ್ಲಿ ಮಸೀದಿ, ಇಗರ್ಜಿ, ಸಿನಗಾಗ್ ಮೂರೂ ಪಳ್ಳಿಯೇ. ಈ ಸಿನಗಾಗ್‌ನ ಕಟ್ಟಡವೂ ಹಾಗೆಯೇ. ದಪ್ಪ ಗೋಡೆ, ಹಂಚಿನ ಮಾಡು. ದೂರದಿಂದ ನೋಡಿದರೆ ಕರಾವಳಿಯ ಯಾವುದೋ ಹಳೇ ಮನೆ. ಒಳಗೆ ಕತ್ತೆತ್ತಿದರೆ ಮರದ ಚಾವಣಿಯಲ್ಲಿ ಕೆತ್ತಿದ ತಾವರೆಗಳು! ಧರ್ಮಗ್ರಂಥ ಓದುವ ವೇದಿಕೆ ನಡುಮನೆಯಲ್ಲಿ ಒಂದಿದ್ದರೆ, ಅಟ್ಟದ ಮೇಲೆ ಹೆಂಗಸರ ಜಾಗದ ಮುಂದೆ ಇನ್ನೊಂದು. ಹೀಗೆ ಎರಡೆರಡು ವೇದಿಕೆ ಇಡುವುದು ಕೇರಳದ ಸಿನಗಾಗ್‌ಗಳದೇ ವೈಶಿಷ್ಟ್ಯ. ಹೊರಗೆ ನಿಲ್ಲಿಸಿರುವ ಗೋರಿಕಲ್ಲು ಕಟ್ಟಡಕ್ಕಿಂತಲೂ ಹಳೆಯದು. ಇಸ್ರೇಲ್ ಎಂಬವನ ಮಗಳು ಸಾರಾಳದು, ಕಾಲ 1269. ಹೀಬ್ರೂ ಬರಹವಿರುವ ಇಷ್ಟು ಹಳೆಯ ಕಲ್ಲು ಭಾರತದಲ್ಲಿ ಅಪರೂಪ.

ಇನ್ನು ಸುಣ್ಣಬಣ್ಣದ ಮಾತು. ಅರ್ಧ ಒಪ್ಪುತ್ತೇನೆ. ದುರಸ್ತಿಯಾಗಿ 2006ರಲ್ಲಿ ತೆರೆದದ್ದು ವಸ್ತುಸಂಗ್ರಹಾಲಯ, ಸಿನಗಾಗ್ ಅಲ್ಲ. ಆ ಅಟ್ಟದ ಹೆಂಗಸರು ಮಲಯಾಳದಲ್ಲಿ ಹಾಡುತ್ತಿದ್ದ ಹಾಡುಗಳು ಅವರ ನೋಟುಪುಸ್ತಕಗಳ ಜೊತೆ ಇಸ್ರೇಲಿಗೆ ಹೊರಟುಹೋದವು. ಗೋಡೆಗೆ ಎಷ್ಟು ಸುಣ್ಣ ಬಳಿದರೂ ಅವು ತಿರುಗಿ ಬರುವುದಿಲ್ಲ. ಆದರೆ ಬಳಿಯದೆ ಬಿಟ್ಟಿದ್ದರೆ? ಕೊಚ್ಚಿಯ ಮಟ್ಟಾಂಚೇರಿಯ ಕಡವುಂಭಾಗಂ ಸಿನಗಾಗ್‌ನ ಒಳಗಿನ ಮರಗೆಲಸವನ್ನು ಬಿಚ್ಚಿ ಜೆರುಸಲೇಮಿನ ಇಸ್ರೇಲ್ ಮ್ಯೂಸಿಯಂಗೆ ಒಯ್ದರು. ಅಲ್ಲಿ ಅದು ಚೆನ್ನಾಗಿಯೇ ಇದೆ. ಇಲ್ಲಿ ಉಳಿದ ಬರಿಗೋಡೆಯನ್ನು ಕೇಳುವವರಿರಲಿಲ್ಲ. 2019ರ ಮಳೆಗೆ ಅದರ ಮುಂಭಾಗ ಕುಸಿದು ಬಿತ್ತು. ನನಗಂತೂ ಸುಣ್ಣವೇ ವಾಸಿ ಅನ್ನಿಸುತ್ತದೆ.

ಅಂದಹಾಗೆ, ಉಪಯೋಗ ತೀರಿದ್ದನ್ನು ಎಸೆಯದೆ ಇಡುವುದು ಸಿನಗಾಗ್‌ಗಳ ಹಳೇ ರೂಢಿ. ದೇವರ ಹೆಸರಿರಬಹುದೆಂದು ಹರಕು ಕಾಗದವನ್ನೂ ಒಂದು ಕೋಣೆಗೆ ಹಾಕುತ್ತಿದ್ದರು. ಕೈರೋದ ಬೆನ್ ಎಜ್ರಾ ಸಿನಗಾಗ್‌ನ ಅಂಥ ಕೋಣೆಯಲ್ಲಿ ಸಿಕ್ಕ ಕಾಗದಗಳಲ್ಲಿ ನಿಮ್ಮ ಮಂಗಳೂರೂ ಇದೆ. ಟ್ಯುನೀಸಿಯಾ ಕಡೆಯ ವ್ಯಾಪಾರಿ ಅಬ್ರಹಾಂ ಬೆನ್ ಯಿಜು 1132ರಲ್ಲಿ ಮಂಗಳೂರಿನಲ್ಲಿ ಆಶು ಎಂಬ ದಾಸಿಯನ್ನು ಬಿಡುಗಡೆ ಮಾಡಿ ಬರೆದುಕೊಟ್ಟ ಪತ್ರ ಅವುಗಳಲ್ಲೊಂದು.