ಲ್ಯಾಪ್‌ಟಾಪ್ ಬಿದ್ದರೆ, ನೆನೆದರೆ: ಆಕಸ್ಮಿಕ ಹಾನಿಯ ಪ್ಲ್ಯಾನ್ ಕೊಳ್ಳಬೇಕೇ?

ಪ್ರಶ್ನೆ: ಮಗಳ ಓದಿಗೆಂದು ಹೊಸ ಲ್ಯಾಪ್‌ಟಾಪ್ ಕೊಂಡು ಹತ್ತು ದಿನವಾಯಿತು. ಒಂದು ವರ್ಷದ ವಾರಂಟಿ ಇದೆ. ಆಕಸ್ಮಿಕ ಹಾನಿಗೆ ಬೇರೆ ಪ್ಲ್ಯಾನ್ ಮಾಡಿಸಿ, ಆಮೇಲೆ ಸಿಗುವುದಿಲ್ಲ ಎಂದು ಮಾರಿದವರು ಫೋನ್ ಮಾಡುತ್ತಲೇ ಇದ್ದಾರೆ. ವಾರಂಟಿ ಇರುವಾಗ ಇದೇಕೆ? ಇದು ದಂಡದ ಖರ್ಚೇ, ನಿಜಕ್ಕೂ ಬೇಕೇ?

ಉತ್ತರ: ವಾರಂಟಿ ಹೊಣೆ ಹೊರುವುದು ತಯಾರಿಕೆಯಲ್ಲಿ ಉಳಿದುಹೋದ ದೋಷಕ್ಕೆ ಮಾತ್ರ. ಯಾರೂ ಏನೂ ಮಾಡದೆ ಸ್ಕ್ರೀನಿನಲ್ಲಿ ಗೆರೆ ಮೂಡಿತು, ಚಾರ್ಜ್ ಆಗುವುದು ನಿಂತಿತು, ಒಂದು ಕೀ ಕೆಲಸ ಬಿಟ್ಟಿತು ಎಂದರೆ ಅದು ವಾರಂಟಿಯ ಪಾಲು. ಕೈಜಾರಿ ಬಿತ್ತು, ನೀರು ಚೆಲ್ಲಿತು ಎಂದರೆ ಅಲ್ಲ. ಕೊಂಡ ಮರುದಿನವೇ ಆಗಿದ್ದರೂ ಅಲ್ಲ. ರಿಪೇರಿ ಮೇಜಿನ ಹಿಂದೆ ಕೂತ ವರ್ಷಗಳಲ್ಲಿ ನಾನು ಮತ್ತೆ ಮತ್ತೆ ಹೇಳಬೇಕಾಗಿ ಬಂದ ಕಹಿ ಮಾತು ಇದೇ. ಬಿಲ್ಲು, ವಾರಂಟಿ ಕಾರ್ಡು ಎರಡನ್ನೂ ಜೋಪಾನವಾಗಿ ತಂದವರ ಮುಖ ಸಪ್ಪಗಾಗುವುದನ್ನು ನೋಡುವುದು ಸುಲಭವಲ್ಲ. ‘ಎಕ್ಸ್‌ಟೆಂಡೆಡ್ ವಾರಂಟಿ’ ಎಂದು ಮಾರುವುದು ಕೂಡ ಬಹುತೇಕ ಇದೇ ವಾರಂಟಿಯನ್ನು ಒಂದೆರಡು ವರ್ಷ ಮುಂದಕ್ಕೆ ಎಳೆಯುತ್ತದೆ, ಅಷ್ಟೆ. ಅದನ್ನು ಕೊಂಡು, ಬಿದ್ದು ಒಡೆದರೂ ಕೊಡುತ್ತಾರೆ ಎಂದುಕೊಂಡವರು ಬಹಳ. ಆದ್ದರಿಂದ ಫೋನ್ ಮಾಡಿದವರನ್ನು ಮೊದಲು ಕೇಳಬೇಕಾದದ್ದು, ಅವರು ಮಾರುತ್ತಿರುವುದು ಎಕ್ಸ್‌ಟೆಂಡೆಡ್ ವಾರಂಟಿಯೋ, ಆಕಸ್ಮಿಕ ಹಾನಿಯ ಪ್ಲ್ಯಾನೋ ಎಂದು.

ಇನ್ನು ಏನು ಒಡೆಯುತ್ತದೆ ನೋಡೋಣ. ಕೈಗೆ ಭಾರವಾಗುವ ಅನಾಹುತ ಮುಖ್ಯವಾಗಿ ಎರಡು: ಸ್ಕ್ರೀನ್ ಒಡೆಯುವುದು, ಮದರ್‌ಬೋರ್ಡ್ (ಒಳಗಿನ ಮುಖ್ಯ ಸರ್ಕ್ಯೂಟ್ ಹಲಗೆ) ನೆನೆಯುವುದು. ಸ್ಕ್ರೀನ್ ಒಡೆಯಲು ಎತ್ತರದಿಂದ ಬೀಳಬೇಕೆಂದೇನಿಲ್ಲ. ಕೀಬೋರ್ಡ್ ಮೇಲೆ ಪೆನ್ನೋ ಇಯರ್‌ಫೋನೋ ಉಳಿದಿರುತ್ತದೆ, ನೋಡದೆ ಮುಚ್ಚುತ್ತೇವೆ, ಪ್ಯಾನೆಲ್ ಬಿರುಕು ಬಿಡುತ್ತದೆ. ಈಗಿನ ತೆಳು ಮಾದರಿಗಳಲ್ಲಿ ಮುಚ್ಚಳಕ್ಕೂ ಕೀಬೋರ್ಡಿಗೂ ನಡುವೆ ಜಾಗವೇ ಇಲ್ಲ; ಕ್ಯಾಮೆರಾ ಮರೆಮಾಡಲು ಅಂಟಿಸುವ ಪುಟ್ಟ ಕವರ್ ಇಟ್ಟುಕೊಂಡು ಮ್ಯಾಕ್‌ಬುಕ್ ಮುಚ್ಚಬೇಡಿ, ಸ್ಕ್ರೀನ್ ಹಾಳಾದೀತು ಎಂದು ಆ್ಯಪಲ್ 2020ರಲ್ಲಿ ಎಚ್ಚರಿಸಬೇಕಾಯಿತು. ಸಾಧಾರಣ ಮಾದರಿಯಲ್ಲಿ ಒಡೆದ ಪ್ಯಾನೆಲ್ ಒಂದನ್ನೇ ಬಿಚ್ಚಿ ಬದಲಿಸಬಹುದು. ಟಚ್‌ಸ್ಕ್ರೀನ್ ಇದ್ದರೆ, ಗಾಜು ಪ್ಯಾನೆಲ್‌ಗೇ ಅಂಟಿಕೊಂಡಿದ್ದರೆ, ಮೇಲಿನ ಭಾಗವನ್ನು ಇಡಿಯಾಗಿ ಹಾಕಬೇಕಾಗಬಹುದು. ಖರ್ಚು ಏರುವುದು ಅಲ್ಲಿ.

ಬೋರ್ಡಿನ ಪಾಡು ಇನ್ನೂ ಕಷ್ಟ. ಪ್ರೊಸೆಸರ್ ಬೋರ್ಡಿಗೇ ಬೆಸುಗೆಯಾಗಿರುತ್ತದೆ. ಎಷ್ಟೋ ಮಾದರಿಗಳಲ್ಲಿ ಮೆಮೊರಿಯೂ, ಕೆಲವದರಲ್ಲಿ ಸ್ಟೋರೇಜ್ ಕೂಡ. ಒಂದು ಮೂಲೆಯ ಪುಟ್ಟ ಚಿಪ್ ಸುಟ್ಟರೂ ಕಂಪನಿಯ ಸರ್ವಿಸ್ ಸೆಂಟರ್ ಸಾಮಾನ್ಯವಾಗಿ ಇಡೀ ಬೋರ್ಡ್ ಬದಲಿಸುತ್ತದೆ. ಅಂದಾಜು ಬಿಲ್ ಕೇಳಿ, ಇದಕ್ಕಿಂತ ಹೊಸದೇ ವಾಸಿ ಎಂದು ಎದ್ದು ಹೋದವರನ್ನು ಬೇಕಾದಷ್ಟು ನೋಡಿದ್ದೇನೆ.

ಈಗ ಲೆಕ್ಕ. ಒಂದು ಉದಾಹರಣೆ ಕಲ್ಪಿಸಿಕೊಳ್ಳಿ. ನಿಮ್ಮ ಮಾದರಿಯ ನಿಜವಾದ ಅಂಕಿಗಳನ್ನು ಸರ್ವಿಸ್ ಸೆಂಟರ್‌ನಲ್ಲಿ ಕೇಳಿ ಇದೇ ಜಾಗದಲ್ಲಿ ತುಂಬಿಕೊಳ್ಳಬಹುದು. ಲ್ಯಾಪ್‌ಟಾಪಿನ ಬೆಲೆ 100 ಎಂದಿರಲಿ. ಎರಡು ವರ್ಷದ ಪ್ಲ್ಯಾನ್‌ಗೆ 12, ಸ್ಕ್ರೀನ್ ಬದಲಿಗೆ 25, ಬೋರ್ಡ್ ಬದಲಿಗೆ 45. ಪ್ರತಿ ಸಲ ಕ್ಲೇಮ್ ಮಾಡಿದಾಗ ನೀವು ಕೈಯಿಂದ ಕಟ್ಟಬೇಕಾದ ಪಾಲು 3. ಸ್ಕ್ರೀನ್ ಒಡೆದರೆ ಪ್ಲ್ಯಾನ್‌ನಿಂದ ಉಳಿಯುವುದು 22, ಬೋರ್ಡ್ ಹೋದರೆ 42. ಎರಡು ವರ್ಷದಲ್ಲಿ ಸ್ಕ್ರೀನ್ ಒಡೆಯುವ ಸಂಭವ ಐದರಲ್ಲಿ ಒಂದು, ಬೋರ್ಡ್ ನೆನೆಯುವ ಸಂಭವ ಹತ್ತರಲ್ಲಿ ಒಂದು ಎಂದು ಸ್ವಲ್ಪ ಹೆಚ್ಚೇ ಹಿಡಿದರೂ, ಉಳಿತಾಯದ ಸರಾಸರಿ 4.4 ಮತ್ತು 4.2, ಸೇರಿ 8.6. ಕಟ್ಟಿದ್ದು 12. ಸರಾಸರಿಯಲ್ಲಿ ಕೊಂಡವರಿಗೆ ನಷ್ಟ. ಇದರಲ್ಲಿ ಮೋಸವೇನೂ ಇಲ್ಲ. ಎಲ್ಲರಿಂದ ಕೂಡಿಸಿದ ಹಣದಲ್ಲಿ ಕೆಲವರ ರಿಪೇರಿ, ಕಚೇರಿ ಖರ್ಚು, ಲಾಭ ಎಲ್ಲವೂ ನಡೆಯಬೇಕಾದ ಮೇಲೆ ಹೀಗೇ ಇರಬೇಕು.

ಹಾಗಾದರೆ ಬೇಡವೇ? ಸರಾಸರಿ ನೋಡಿ ತೀರ್ಮಾನಿಸುವಂತಿದ್ದರೆ ಯಾವ ವಿಮೆಯೂ ಬೇಡ. ನಾನು ಕೇಳುವ ಪ್ರಶ್ನೆ ಬೇರೆ. ಪರೀಕ್ಷೆಯ ಹಿಂದಿನ ವಾರ ಆ 45 ಒಂದೇ ಸಲಕ್ಕೆ ಎದುರಾದರೆ ನೀವು ತಡೆದುಕೊಳ್ಳಬಲ್ಲಿರಾ? ರಿಪೇರಿಯಾಗಿ ಬರುವವರೆಗೆ ಮಗಳ ಕೆಲಸ ನಡೆಯಲು ಮನೆಯಲ್ಲಿ ಇನ್ನೊಂದು ಕಂಪ್ಯೂಟರ್ ಇದೆಯೇ? ಎರಡಕ್ಕೂ ಹೌದು ಎಂದರೆ ಪ್ಲ್ಯಾನ್ ಬಿಡಿ, ಆ 12ನ್ನು ರಿಪೇರಿಗೆಂದೇ ಬೇರೆ ಎತ್ತಿಡಿ. ಏನೂ ಆಗದಿದ್ದರೆ ಅದು ನಿಮ್ಮದೇ. ಎರಡಕ್ಕೂ ಇಲ್ಲ ಎಂದಾದರೆ, ದಿನವೂ ಚೀಲದಲ್ಲಿ ಹೊತ್ತು ತಿರುಗುವ, ಗ್ರಂಥಾಲಯದ ಮೇಜಿನಿಂದ ಹಾಸ್ಟೆಲ್ಲಿನ ಮಂಚಕ್ಕೆ ಓಡಾಡುವ ಲ್ಯಾಪ್‌ಟಾಪ್‌ಗೆ ನಾನು ಕೊಳ್ಳಿ ಎಂದೇ ಹೇಳುತ್ತೇನೆ. ನಿಮ್ಮ ಪತ್ರ ಓದಿದರೆ ನೀವು ಈ ಎರಡನೆಯ ಸಾಲಿನವರು ಎನಿಸುತ್ತದೆ. ಎರಡು ವರ್ಷಕ್ಕೆ ಮಾಡಿಸಿ. ಮೂರನೆಯ ವರ್ಷಕ್ಕೆ ಬೇಡ; ಅಷ್ಟರಲ್ಲಿ ಲ್ಯಾಪ್‌ಟಾಪಿನ ಬೆಲೆ ಇಳಿದಿರುತ್ತದೆ, ಪ್ಲ್ಯಾನಿನ ಬೆಲೆ ಇಳಿದಿರುವುದಿಲ್ಲ. ನನ್ನದೇ ಒಂದು ಅಳತೆಗೋಲೂ ಇದೆ: ಎರಡು ವರ್ಷದ ಪ್ಲ್ಯಾನ್ ಒಂದು ಸ್ಕ್ರೀನ್ ಬದಲಿಯ ಅರ್ಧ ಖರ್ಚನ್ನು ಬಹಳ ಮೀರಿದರೆ ಅದು ದುಬಾರಿ.

ಹಣ ಕಟ್ಟುವ ಮುಂಚೆ ಷರತ್ತುಗಳ ಹಾಳೆ ತರಿಸಿಕೊಂಡು ಓದಿ. ಫೋನಿನಲ್ಲಿ ಹೇಳಿದ್ದು ಲೆಕ್ಕಕ್ಕಿಲ್ಲ. ಎಲ್ಲಕ್ಕಿಂತ ಮೊದಲು ನೋಡಬೇಕಾದದ್ದು ದ್ರವ ಚೆಲ್ಲಿದ ಹಾನಿ ಸೇರಿದೆಯೇ ಎಂಬುದು. ಅದಿಲ್ಲದ ಪ್ಲ್ಯಾನ್ ಅರ್ಧ ಪ್ಲ್ಯಾನ್. ಆಮೇಲೆ ವರ್ಷಕ್ಕೆ ಎಷ್ಟು ಕ್ಲೇಮ್, ಪ್ರತಿ ಸಲ ನಿಮ್ಮ ಪಾಲೆಷ್ಟು. ಆ್ಯಪಲ್‌ನ ಇಂಥದೇ ಪ್ಲ್ಯಾನ್ ಆದ ಆ್ಯಪಲ್‌ಕೇರ್ ಪ್ಲಸ್‌ನಲ್ಲಿ ಮ್ಯಾಕ್‌ನ ಸ್ಕ್ರೀನ್ ಅಥವಾ ಹೊರಕವಚದ ಹಾನಿಗೆ ಒಂದು ದರ, ಉಳಿದ ಹಾನಿಗೆ ಅದಕ್ಕಿಂತ ಹೆಚ್ಚಿನ ದರ ಇರುವಂತೆ, ಹಾನಿಗೆ ತಕ್ಕಂತೆ ಪಾಲು ಬದಲಾಗುವುದೂ ಉಂಟು. ರಿಪೇರಿ ಸಾಧ್ಯವಾಗದಿದ್ದರೆ ಬದಲಿ ಲ್ಯಾಪ್‌ಟಾಪ್ ಕೊಡುತ್ತಾರೋ, ಸವಕಳಿ ಕಳೆದು ಉಳಿದ ಹಣ ಕೊಡುತ್ತಾರೋ ಎಂಬ ಸಾಲನ್ನು ಹುಡುಕಿ. ಎರಡನೆಯ ವರ್ಷದಲ್ಲಿ ಈ ಎರಡರ ನಡುವಿನ ಅಂತರ ದೊಡ್ಡದು. ಕಳವು, ಕಳೆದುಹೋಗುವುದು, ಗೀರು, ಬ್ಯಾಟರಿ ಸವೆತ, ಬೇಕೆಂದೇ ಮಾಡಿದ ಹಾನಿ ಇವು ಸಾಮಾನ್ಯವಾಗಿ ಹೊರಗೇ ಇರುತ್ತವೆ. ಒಳಗಿನ ಡೇಟಾಕ್ಕಂತೂ ಯಾವ ಪ್ಲ್ಯಾನೂ ಹೊಣೆಯಲ್ಲ ಎಂದೇ ಇಟ್ಟುಕೊಳ್ಳಿ.

ಕಂಪನಿಯದೇ ಪ್ಲ್ಯಾನ್ ಮತ್ತು ಮಾರಾಟಗಾರರು ಕೊಡುವ ಬೇರೆ ಸಂಸ್ಥೆಯ ಪ್ಲ್ಯಾನ್ ಎರಡೂ ಮುಂದಿದ್ದರೆ, ಸ್ವಲ್ಪ ಹೆಚ್ಚಾದರೂ ನಾನು ಮೊದಲನೆಯದರ ಕಡೆ. ಸೀರಿಯಲ್ ನಂಬರ್ ಹಾಕಿದರೆ ಪ್ಲ್ಯಾನ್ ಇದೆಯೋ ಇಲ್ಲವೋ ಅವರಿಗೇ ಕಾಣುತ್ತದೆ, ಅಸಲಿ ಬಿಡಿಭಾಗ ಬೀಳುತ್ತದೆ, ಯಾರು ಒಪ್ಪಿಗೆ ಕೊಡಬೇಕು ಎಂಬ ಅಲೆದಾಟ ಕಡಿಮೆ. ‘ಆಮೇಲೆ ಸಿಗುವುದಿಲ್ಲ’ ಎಂಬ ಮಾತು ಪೂರ್ತಿ ಸುಳ್ಳಲ್ಲ. ಕೊಂಡ ಮೇಲೆ ಇಂತಿಷ್ಟು ದಿನದೊಳಗೆ ಎಂಬ ಗಡುವು ಇರುತ್ತದೆ. ಆದರೆ ಅದು ಇವತ್ತೇ ಮುಗಿಯುವಂಥದ್ದು ಅಪರೂಪ. ಕಂಪನಿಯ ಜಾಲತಾಣದಲ್ಲಿ ನಿಮ್ಮ ಸೀರಿಯಲ್ ನಂಬರ್ ಹಾಕಿ ಕೊನೆಯ ದಿನ ಯಾವುದು ನೋಡಿಕೊಳ್ಳಿ. ನಡುವೆ ಸಿಕ್ಕ ಸಮಯದಲ್ಲಿ, ನಿಮ್ಮ ಗೃಹವಿಮೆಯಲ್ಲಿ ಅಥವಾ ಹಣ ಕಟ್ಟಿದ ಕ್ರೆಡಿಟ್ ಕಾರ್ಡಿನಲ್ಲಿ ಇಂಥ ರಕ್ಷಣೆ ಈಗಾಗಲೇ ಇದೆಯೇ ವಿಚಾರಿಸಿ. ಕೆಲವದರಲ್ಲಿ ಇರುತ್ತದೆ, ಕೊಂಡವರಿಗೇ ಗೊತ್ತಿರುವುದಿಲ್ಲ.

ಪ್ರಶ್ನೆ: ನನ್ನ ಲ್ಯಾಪ್‌ಟಾಪ್‌ಗೆ ಮೂರು ವರ್ಷ. ಮೇಜಿನ ಮೇಲೆ ದೊಡ್ಡ ಮಾನಿಟರ್‌ಗೆ ಜೋಡಿಸಿಟ್ಟದ್ದನ್ನು ಕದಲಿಸುವುದೇ ಇಲ್ಲ. ಪ್ಲ್ಯಾನ್ ನವೀಕರಿಸಲೇ?

ಉತ್ತರ: ಬೇಡ. ಹೊಸ ಬ್ಯಾಟರಿಗೆ ಆ ಹಣ ಒದಗಲಿ. ನೀರಿನ ಲೋಟವನ್ನು ಮಾತ್ರ ಅದೇ ಮೇಜಿನ ಮೇಲೆ ಇಡಬೇಡಿ.

ಪ್ರಶ್ನೆ: ಪ್ಲ್ಯಾನ್ ಇದೆ. ಮೊನ್ನೆ ಕೀಬೋರ್ಡ್ ಮೇಲೆ ಒಂದು ಲೋಟ ನೀರು ಚೆಲ್ಲಿತು. ಬಟ್ಟೆಯಲ್ಲಿ ಒರೆಸಿ ಆನ್ ಮಾಡಿದೆ, ನಡೆಯುತ್ತಿದೆ. ಸುಮ್ಮನೆ ಕ್ಲೇಮ್ ಒಂದನ್ನು ಯಾಕೆ ಕಳೆದುಕೊಳ್ಳಲಿ ಎಂದು ಬಿಟ್ಟಿದ್ದೇನೆ. ಸರಿಯೇ?

ಉತ್ತರ: ಸರಿಯಲ್ಲ. ದಯವಿಟ್ಟು ಈಗಲೇ ಆಫ್ ಮಾಡಿ, ಚಾರ್ಜರ್ ಕಿತ್ತು, ಇವತ್ತೇ ಕ್ಲೇಮ್ ದಾಖಲಿಸಿ.

ನೀರು ಬೋರ್ಡನ್ನು ಕೆಡಿಸುವುದು ಎರಡು ಬಗೆ. ಒಂದು, ಚೆಲ್ಲಿದ ಕ್ಷಣದ ಶಾರ್ಟ್. ಅದರಿಂದ ನೀವು ಪಾರಾಗಿದ್ದೀರಿ. ಇನ್ನೊಂದು ನಿಧಾನದ್ದು. ಒಳಗೆ ಉಳಿದ ತೇವದಲ್ಲಿ ಕರಗಿದ ಲವಣಗಳಿರುತ್ತವೆ, ಬೋರ್ಡಿನಲ್ಲಿ ವಿದ್ಯುತ್ ಇರುತ್ತದೆ. ಎರಡೂ ಸೇರಿ ತಾಮ್ರದ ಗೆರೆಗಳನ್ನು, ಬೆಸುಗೆಗಳನ್ನು ತಿನ್ನುತ್ತಾ ಹೋಗುತ್ತವೆ. ಮೊದಲು ನಾಲ್ಕು ಕೀ ಸಾಯುತ್ತವೆ, ಆಮೇಲೆ ಚಾರ್ಜಿಂಗ್, ಒಂದು ದಿನ ಪೂರ್ತಿ ಕತ್ತಲು. ಇದಕ್ಕೆ ವಾರಗಳು ಹಿಡಿಯಬಹುದು. ಹಾಲು, ಸಕ್ಕರೆ ಬೆರೆತ ಪಾನೀಯವಾದರೆ ಒಣಗಿದ ಮೇಲೂ ಅಂಟು ಉಳಿದು ಇನ್ನೂ ಕೆಡುಕು.

ತಡ ಮಾಡಿದರೆ ಕ್ಲೇಮಿಗೂ ಪೆಟ್ಟು. ಘಟನೆಯಾದ ಇಷ್ಟು ದಿನದೊಳಗೆ ತಿಳಿಸಬೇಕು ಎಂಬ ಷರತ್ತು ಎಷ್ಟೋ ಪ್ಲ್ಯಾನ್‌ಗಳಲ್ಲಿ ಇದೆ. ತಿಂಗಳ ನಂತರ ಹೋಗಿ ‘ತಾನಾಗಿಯೇ ಕೆಟ್ಟಿತು’ ಎಂದು ಹೇಳುವ ಯೋಚನೆಯಿದ್ದರೆ ಬಿಡಿ. ಹಲವು ಲ್ಯಾಪ್‌ಟಾಪ್‌ಗಳ ಒಳಗೆ ನೀರು ತಾಗಿದರೆ ಬಿಳಿಯಿಂದ ಕೆಂಪಿಗೆ ತಿರುಗುವ ಪುಟ್ಟ ಸ್ಟಿಕ್ಕರ್‌ಗಳಿರುತ್ತವೆ, ಬಿಚ್ಚಿದ ತಕ್ಷಣ ಕಾಣುತ್ತದೆ. ಆಕಸ್ಮಿಕ ಹಾನಿಯ ಪ್ಲ್ಯಾನ್ ಇರುವುದೇ ‘ನನ್ನ ಕೈಯಿಂದ ಆಯಿತು’ ಎಂದು ಧೈರ್ಯವಾಗಿ ಹೇಳಲು. ನಡೆದದ್ದನ್ನು ನಡೆದ ಹಾಗೆ, ದಿನಾಂಕ ಸಮೇತ ಬರೆಯಿರಿ.

ಅಕ್ಕಿಯ ಡಬ್ಬದಲ್ಲಿ ಹೂತಿಡುವ ಉಪಾಯ ಮಾಡಬೇಡಿ. ಮದರ್‌ಬೋರ್ಡಿನ ಚಿಪ್‌ಗಳ ಅಡಿಯಲ್ಲಿ ಕೂತ ನೀರನ್ನು ಅಕ್ಕಿ ಎಳೆಯುವುದಿಲ್ಲ, ಬದಲಿಗೆ ಧೂಳು ತುಂಬುತ್ತದೆ. ಹೇರ್ ಡ್ರೈಯರ್‌ನ ಬಿಸಿಗಾಳಿಯೂ ಬೇಡ. ಚೆಲ್ಲಿದ ಕೂಡಲೇ ಮಾಡಬಹುದಾದದ್ದು ಆಫ್ ಮಾಡಿ, ಪ್ಲಗ್ ಕಿತ್ತು, ಮುಚ್ಚಳ ತೆರೆದು ಗುಡಾರದ ಹಾಗೆ ಬೋರಲು ನಿಲ್ಲಿಸುವುದು. ನೀವಾಗಿ ಬಿಚ್ಚಲು ಹೋಗಬೇಡಿ. ಹೊರಗಿನವರು ಬಿಚ್ಚಿದ್ದಾರೆ ಎಂಬ ಕಾರಣಕ್ಕೇ ಕ್ಲೇಮ್ ತಿರಸ್ಕಾರವಾಗಬಹುದು.

ಇನ್ನೊಂದು ಮಾತು, ಬಹಳ ಜನ ಕೆಲಸ ಕೆಟ್ಟ ಮೇಲೆ ಕಲಿಯುವಂಥದ್ದು. ವಿಂಡೋಸ್‌ನಲ್ಲಿ ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರ್ ಚಾಲೂ ಇದ್ದರೆ, ಡಿಸ್ಕಿನ ಬೀಗ ಬೋರ್ಡಿನ ಮೇಲಿರುವ ಟಿಪಿಎಂ ಎಂಬ ಭದ್ರತಾ ವ್ಯವಸ್ಥೆಗೆ ಕಟ್ಟಿಕೊಂಡಿರುತ್ತದೆ. ಬೋರ್ಡ್ ಬದಲಾದರೆ ಹಳೆಯ ಡಿಸ್ಕ್ ಹಾಗೇ ಇದ್ದರೂ 48 ಅಂಕಿಯ ರಿಕವರಿ ಕೀ ಕೇಳುತ್ತದೆ. ಅದು ಇಲ್ಲದೆ ಡಿಸ್ಕ್ ತೆರೆಯಲು ಸರ್ವಿಸ್ ಸೆಂಟರ್‌ನವರಿಂದಲೂ ಆಗದು. ಸಾಮಾನ್ಯವಾಗಿ ಅದು ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿ ಉಳಿದಿರುತ್ತದೆ. ಫೋನಿನಿಂದಲೇ ಲಾಗಿನ್ ಆಗಿ ಬರೆದಿಟ್ಟುಕೊಳ್ಳಿ. ಬ್ಯಾಕಪ್ ಇಲ್ಲದಿದ್ದರೆ, ಈಗ ಮತ್ತೆ ಆನ್ ಮಾಡಿ ನಕಲು ಮಾಡುವ ಸಾಹಸ ಬೇಡ. ಡೇಟಾ ಮುಖ್ಯವೆಂದು ಸರ್ವಿಸ್ ಸೆಂಟರ್‌ನಲ್ಲಿ ಮೊದಲೇ ಹೇಳಿ, ರಿಪೇರಿ ಚೀಟಿಯ ಮೇಲೆ ಬರೆಸಿ.

ಪ್ರಶ್ನೆ: ‘ಮಿಲಿಟರಿ ದರ್ಜೆಯ ಗಟ್ಟಿತನ’ ಎಂದು ಪೆಟ್ಟಿಗೆಯ ಮೇಲಿದೆ. ಆದರೂ ಪ್ಲ್ಯಾನ್ ಬೇಕೇ?

ಉತ್ತರ: ಆ ಮಾತಿನ ಹಿಂದಿರುವುದು ಎಂಐಎಲ್-ಎಸ್‌ಟಿಡಿ-810 ಎಂಬ ಅಮೆರಿಕದ ಸೇನಾ ಪರೀಕ್ಷಾ ಮಾನದಂಡ. ಅದರಲ್ಲಿ ಬಿಸಿ, ತೇವ, ಧೂಳು, ಕಂಪನ, ಬೀಳುವಿಕೆ ಹೀಗೆ ಎಷ್ಟೋ ಪರೀಕ್ಷೆಗಳಿವೆ; ಯಾವುದನ್ನು ಎಷ್ಟು ಕಠಿಣವಾಗಿ ಮಾಡಿದರು ಎಂಬುದು ತಯಾರಕರ ಆಯ್ಕೆ. ಎಲ್ಲ ಪರೀಕ್ಷೆ ಪಾಸಾದ ಯಂತ್ರವೂ ನಿಮ್ಮ ಮನೆಯಲ್ಲಿ ಬಿದ್ದು ಒಡೆದರೆ ವಾರಂಟಿ ಸಿಗುವುದಿಲ್ಲ. ಒಡೆಯುವ ಸಂಭವ ತುಸು ಕಡಿಮೆ ಎಂದಷ್ಟೇ ತಿಳಿದು ಮೇಲಿನ ಲೆಕ್ಕ ಹಾಕಿ.

ಪ್ರಶ್ನೆ: ನನ್ನ ಲ್ಯಾಪ್‌ಟಾಪ್ ಎಲ್ಲೂ ಬಿದ್ದಿಲ್ಲ. ತೆರೆಯುವಾಗ ಹಿಂಜ್ (ಮುಚ್ಚಳ ತಿರುಗುವ ಕೀಲು) ಹತ್ತಿರ ಪ್ಲಾಸ್ಟಿಕ್ ಸೀಳಿತು. ಇದು ದೋಷವಲ್ಲ, ಭೌತಿಕ ಹಾನಿ ಎಂದು ವಾರಂಟಿಯವರು. ಇದು ಆಕಸ್ಮಿಕವಲ್ಲ, ಸವೆತ ಎಂದು ಪ್ಲ್ಯಾನ್‌ನವರು. ನಾನು ಎಲ್ಲಿಗೆ ಹೋಗಲಿ?

ಉತ್ತರ: ನಿಮ್ಮ ಸಿಟ್ಟು ನ್ಯಾಯವಾದದ್ದು. ಹಿಂಜ್‌ನ ಸ್ಕ್ರೂಗಳು ಕೂರುವುದು ಪ್ಲಾಸ್ಟಿಕ್ಕಿನಲ್ಲಿ ಹುದುಗಿಸಿದ ಸಣ್ಣ ಲೋಹದ ತಿರುಪುಗೂಡುಗಳಲ್ಲಿ. ಹಿಂಜ್ ಬಿಗಿಯಾದಷ್ಟೂ ಪ್ರತಿ ಸಲ ತೆರೆಯುವಾಗ ಆ ಗೂಡುಗಳ ಮೇಲೆ ಎಳೆತ ಬೀಳುತ್ತದೆ, ಕೊನೆಗೊಂದು ದಿನ ಕಿತ್ತು ಬರುತ್ತವೆ. ಬೀಳದೆಯೂ ಹೀಗಾಗುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಮೊದಲು, ಎರಡೂ ಕಡೆಯವರಿಂದ ತಿರಸ್ಕಾರದ ಕಾರಣವನ್ನು ಬರಹದಲ್ಲಿ ಪಡೆಯಿರಿ. ಬಾಯಿಮಾತಿನ ‘ಆಗಲ್ಲ’ಕ್ಕೆ ಮೇಲ್ಮನವಿ ಮಾಡಲು ಬರುವುದಿಲ್ಲ. ಹೊರಕವಚದ ನಾಲ್ಕೂ ಮೂಲೆಗಳ ಹತ್ತಿರದ ಫೋಟೊ ತೆಗೆಯಿರಿ. ಮೂಲೆಯಲ್ಲಿ ತಗ್ಗು, ಗೀರು ಇಲ್ಲದಿದ್ದರೆ ಬಿದ್ದಿಲ್ಲ ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ಪುರಾವೆ ಇಲ್ಲ. ಅದನ್ನು ಹಿಡಿದು ವಾರಂಟಿಯ ಕಡೆಗೇ ಹೋಗಿ, ಸರ್ವಿಸ್ ಸೆಂಟರ್‌ನ ಮೇಲಿನ ಹಂತಕ್ಕೆ, ಕಂಪನಿಯ ದೂರು ವಿಭಾಗಕ್ಕೆ ಬರೆಯಿರಿ. ತಳ್ಳಿದರೆ ಗ್ರಾಹಕರ ದೂರು ಕೇಳುವ ವ್ಯವಸ್ಥೆಗೆ ಒಯ್ಯಿರಿ. ಪ್ಲ್ಯಾನ್ ಸಿಗಲಿ ಎಂದು ‘ಬಿತ್ತು’ ಎಂದು ಹೇಳಲು ಯಾರಾದರೂ ಕಿವಿಯಲ್ಲಿ ಹೇಳಿಯಾರು, ಒಪ್ಪಬೇಡಿ. ಅದು ಸುಳ್ಳು ಕ್ಲೇಮ್; ವಾರಂಟಿಯ ಮುಂದೆ ನಿಮಗಿರುವ ನಿಜವಾದ ವಾದವನ್ನೂ ಅದೇ ಮುಗಿಸಿಬಿಡುತ್ತದೆ. ಅಲ್ಲಿಯವರೆಗೆ ಮುಚ್ಚಳವನ್ನು ತೆರೆದ ಸ್ಥಿತಿಯಲ್ಲೇ ಬಿಡಿ. ಸೀಳು ಬಿಟ್ಟ ಹಿಂಜ್ ಮತ್ತೆ ಮತ್ತೆ ಮಡಚಿದರೆ ಸ್ಕ್ರೀನಿಗೆ ಹೋಗುವ ಕೇಬಲ್ಲನ್ನೂ ಎಳೆದು ತುಂಡರಿಸುತ್ತದೆ.