ಸಂಪಾದಕರ ಉತ್ತರ: ಕೋಬಿಯ ನಸುಕು, ನಮ್ಮ ಮಕ್ಕಳ ನಿದ್ದೆ

ಗದಗಿನ ಓದುಗರೊಬ್ಬರ ಮಗಳು ಒಂಬತ್ತನೆಯ ತರಗತಿಯಲ್ಲಿದ್ದು, ಶಾಲಾ ತಂಡದಲ್ಲಿ ಬಾಸ್ಕೆಟ್‌ಬಾಲ್ ಆಡುತ್ತಾಳೆ. ಅಮೆರಿಕದ ವೃತ್ತಿಪರ ಬಾಸ್ಕೆಟ್‌ಬಾಲ್ ಆಟಗಾರ ಕೋಬಿ ಬ್ರಯಂಟ್ ನಸುಕಿನ ನಾಲ್ಕಕ್ಕೇ ಅಭ್ಯಾಸಕ್ಕಿಳಿಯುತ್ತಿದ್ದನೆಂದು ತಿಳಿದ ಮೇಲೆ ಅವರು ಮಗಳನ್ನೂ ಆ ಹೊತ್ತಿಗೇ ಎಬ್ಬಿಸುತ್ತಿದ್ದಾರೆ; ಆದರೂ ಪಂದ್ಯದಲ್ಲಿ ಅವಳ ಆಟ ಸುಧಾರಿಸಿಲ್ಲವಂತೆ. ಶ್ರೇಷ್ಠ ಆಟಗಾರರ ಮನೋಭಾವ ಎಂಥದು, ಎತ್ತರ ಕಡಿಮೆಯಿದ್ದರೆ ಭವಿಷ್ಯವಿಲ್ಲವೇ, ತರಬೇತಿಗಾಗಿ ಅವಳನ್ನು ಧಾರವಾಡದಲ್ಲಿ ಇರಿಸಬೇಕೇ ಎಂದು ಕೇಳಿದ್ದಾರೆ.

ಮಾನ್ಯರೇ,

ಮೊದಲು ಮಗುವನ್ನು ಮಲಗಲು ಬಿಡಿ. ಆ ವಯಸ್ಸಿನವರಿಗೆ ದಿನಕ್ಕೆ ಎಂಟು ಗಂಟೆಗೆ ಕಡಿಮೆಯಿಲ್ಲದ ನಿದ್ದೆ ಬೇಕು. ಕೋಬಿ ಬೇಗ ಏಳುತ್ತಿದ್ದುದು ಇತರರಿಗಿಂತ ದಿನಕ್ಕೊಂದು ಅಭ್ಯಾಸ ಹೆಚ್ಚು ಸಿಗಲೆಂಬ ಲೆಕ್ಕಾಚಾರದಿಂದ. ಅವನಿಗೆ ಹೋಂವರ್ಕ್ ಇರಲಿಲ್ಲ, ಎಂಟೂವರೆಗೆ ಶಾಲೆಯ ಬಸ್ಸೂ ಇರಲಿಲ್ಲ. ದೊಡ್ಡವರ ದಿನಚರಿಯಲ್ಲಿ ಹೊರಗಿನಿಂದ ಕಾಣುವುದು ಗಡಿಯಾರವೊಂದೇ ಆದ್ದರಿಂದ ನಾವು ಅದನ್ನೇ ಅನುಕರಿಸುತ್ತೇವೆ. ಅಂಕಣಕ್ಕಿಳಿದ ಮೇಲೆ ಅವರು ಏನು ಮಾಡುತ್ತಿದ್ದರೆಂಬುದನ್ನು ನೋಡುವುದು ಹೆಚ್ಚು ಉಪಯುಕ್ತ.

ರೇ ಆಲನ್ ಎಂಬ ಆಟಗಾರನ ಒಂದು ಅಭ್ಯಾಸವನ್ನು ಗಮನಿಸಿ. ಆತ ಬುಟ್ಟಿಯ ಕೆಳಗೆ ನೆಲದ ಮೇಲೆ ಅಂಗಾತ ಮಲಗಿ, ತಟ್ಟನೆ ಎದ್ದು, ಹಿಂಬದಿಗೆ ಹೆಜ್ಜೆಯಿಡುತ್ತ ಮೂಲೆಗೆ ಓಡಿ, ಅಲ್ಲಿ ಪಾಸ್ ಹಿಡಿದು ಮೂರು ಅಂಕದ ಗೆರೆಯಾಚೆಯಿಂದ ಶೂಟ್ ಮಾಡುತ್ತಿದ್ದ. ಆ ಮೂಲೆಯಲ್ಲಿ ಮೂರು ಅಂಕದ ಗೆರೆಗೂ ಅಂಕಣದ ಅಂಚಿಗೂ ನಡುವೆ ಇರುವುದು ಮೂರಡಿಯಷ್ಟು ಜಾಗ. ಕಾಲನ್ನು ನೋಡಿಕೊಳ್ಳಲು ಪಂದ್ಯದಲ್ಲಿ ಪುರುಸೊತ್ತಿರುವುದಿಲ್ಲ. ನೋಡುವವರಿಗೆ ಇದು ಹುಚ್ಚಾಟವೆನಿಸಿರಬೇಕು. 2013ರ ಜೂನ್ 18ರಂದು, ಅಮೆರಿಕದ ವೃತ್ತಿಪರ ಲೀಗ್ ಆದ ಎನ್‌ಬಿಎಯ ಫೈನಲ್ಸ್‌ನ ಆರನೆಯ ಪಂದ್ಯದಲ್ಲಿ, ಅವನ ಮಯಾಮಿ ತಂಡ ಸ್ಯಾನ್ ಆಂಟೋನಿಯೊ ಎದುರು ಮೂರು ಅಂಕ ಹಿಂದಿತ್ತು. ಲೆಬ್ರಾನ್ ಜೇಮ್ಸ್ ಎಸೆದ ಚೆಂಡು ಗುರಿ ತಪ್ಪಿತು, ಸಿಡಿದು ಬಂದ ಚೆಂಡನ್ನು, ಅಂದರೆ ರಿಬೌಂಡನ್ನು, ಜೊತೆ ಆಟಗಾರ ಕ್ರಿಸ್ ಬಾಷ್ ಹಿಡಿದ, ಅಷ್ಟರಲ್ಲಿ ಆಲನ್ ಹಿಮ್ಮುಖವಾಗಿ ಮೂಲೆ ಸೇರಿಯಾಗಿತ್ತು. ಬಾಷ್‌ನ ಪಾಸ್ ಹಿಡಿದು ಅಲ್ಲಿಂದ ಅವನು ಎಸೆದ ಚೆಂಡು ಬುಟ್ಟಿಗೆ ಬಿದ್ದು, 5.2 ಸೆಕೆಂಡ್ ಉಳಿದಿರುವಾಗ ಅಂಕ 95-95ಕ್ಕೆ ಸಮವಾಯಿತು. ಹೆಚ್ಚುವರಿ ಅವಧಿಯಲ್ಲಿ ಮಯಾಮಿ ಗೆದ್ದಿತು, ಮುಂದಿನ ಪಂದ್ಯವನ್ನೂ ಗೆದ್ದು ಚಾಂಪಿಯನ್ ಆಯಿತು. ಪಂದ್ಯ ಕೆಟ್ಟು ಕೆರ ಹಿಡಿದಾಗ ಏನಾಗಬಹುದೆಂಬುದನ್ನು ಮೊದಲೇ ಊಹಿಸಿ, ಅದನ್ನು ಅಭ್ಯಾಸದೊಳಕ್ಕೆ ಎಳೆದು ತರುವುದೇ ನೀವು ಕೇಳುವ ಮನೋಭಾವವೆಂದು ನಾನು ತಿಳಿದಿದ್ದೇನೆ.

ನಿಮ್ಮ ಮಗಳ ಫ್ರೀ ಥ್ರೋ (ಎದುರಾಳಿ ತಪ್ಪೆಸಗಿದಾಗ ಗೆರೆಯ ಬಳಿ ನಿಂತು ಅಡ್ಡಿಯಿಲ್ಲದೆ ಎಸೆಯುವ ಅವಕಾಶ) ವಿಷಯಕ್ಕೂ ಇದನ್ನೇ ಅನ್ವಯಿಸಿ. ಬೆಳಿಗ್ಗೆ ಒಂದರ ಹಿಂದೊಂದರಂತೆ ಐವತ್ತು ಎಸೆದು ನಲವತ್ತು ಹಾಕುತ್ತಾಳೆ, ಪಂದ್ಯದಲ್ಲಿ ಮಾತ್ರ ತಪ್ಪುತ್ತಾಳೆ ಎಂದು ಬರೆದಿದ್ದೀರಿ. ಇದರಲ್ಲಿ ಅಚ್ಚರಿಯೇನಿಲ್ಲ. ಪಂದ್ಯದಲ್ಲಿ ಐವತ್ತು ಸಿಗುವುದಿಲ್ಲ. ಸಾಮಾನ್ಯವಾಗಿ ಸಿಗುವುದು ಎರಡು, ಅದೂ ಓಡಿ, ಡಿಕ್ಕಿ ಹೊಡೆಸಿಕೊಂಡು, ಏದುಸಿರು ಬಿಡುತ್ತಿರುವಾಗ. ಅಂತರರಾಷ್ಟ್ರೀಯ ನಿಯಮದ ಪ್ರಕಾರ, ಅಂಪೈರ್ ಚೆಂಡು ಕೊಟ್ಟ ಐದು ಸೆಕೆಂಡಿನೊಳಗೆ ಎಸೆಯಬೇಕು. ಆದ್ದರಿಂದ ಅಂಕಣವನ್ನು ನಾಲ್ಕು ಸಲ ಓಡಿ ದಾಟಲಿ, ಎರಡು ಎಸೆಯಲಿ, ಮತ್ತೆ ಓಡಲಿ. ಪ್ರತಿ ಸಲವೂ ಅಷ್ಟೇ ಬಾರಿ ಚೆಂಡು ಪುಟಿಸಿ, ಅದೇ ರೀತಿ ಉಸಿರೆಳೆದು ಎಸೆಯುವುದನ್ನು ರೂಢಿಸಿಕೊಳ್ಳಲಿ. 2013ರ ಏಪ್ರಿಲ್‌ನಲ್ಲಿ ಹಿಮ್ಮಡಿಯ ಸ್ನಾಯುರಜ್ಜು ಹರಿದಿದ್ದಾಗಲೂ ಕೋಬಿ ಗೆರೆಯವರೆಗೆ ನಡೆದು ಬಂದು ಎರಡೂ ಫ್ರೀ ಥ್ರೋಗಳನ್ನು ಹಾಕಿದ್ದು ಇಂಥ ರೂಢಿಯ ಬಲದಿಂದಲೇ ಇರಬೇಕು.

ಎರಡನೆಯ ಗುಣ ಇನ್ನೂ ಕಷ್ಟದ್ದು: ಸುಧಾರಿಸಲೆಂದು ಸ್ವಲ್ಪ ಕಾಲ ಕೆಡಲು ಒಪ್ಪುವುದು. ಸ್ಟೀಫನ್ ಕರಿ ಹೈಸ್ಕೂಲಿನಲ್ಲಿದ್ದಾಗ ಚೆಂಡನ್ನು ಸೊಂಟದ ಮಟ್ಟದಿಂದ ಎಸೆಯುತ್ತಿದ್ದ. ಸ್ವತಃ ಎನ್‌ಬಿಎ ಆಟಗಾರನಾಗಿದ್ದ ಅವನ ತಂದೆ ಡೆಲ್ ಕರಿ ಒಂದು ಬೇಸಿಗೆಯಿಡೀ ಆ ಶೈಲಿಯನ್ನು ಕೆಡವಿ, ತಲೆಯ ಮೇಲಿನಿಂದ ಎಸೆಯುವುದನ್ನು ಕಲಿಸಿದರು. ಆ ದಿನಗಳಲ್ಲಿ ಹುಡುಗನಿಗೆ ದೂರದಿಂದ ಎಸೆಯಲೇ ಆಗುತ್ತಿರಲಿಲ್ಲ. ಅದೇ ಹುಡುಗ 2021ರ ಡಿಸೆಂಬರ್‌ನಲ್ಲಿ ಎನ್‌ಬಿಎಯಲ್ಲಿ ಅತಿ ಹೆಚ್ಚು ಮೂರು ಅಂಕದ ಎಸೆತಗಳನ್ನು ಹಾಕಿದ ಇದೇ ರೇ ಆಲನ್‌ನ ದಾಖಲೆಯನ್ನು ಮುರಿದ. ಪ್ರತಿ ಶನಿವಾರ ಪಂದ್ಯ ಗೆಲ್ಲಲೇಬೇಕೆಂಬ ತಂದೆ ಇಂಥ ಬೇಸಿಗೆಯನ್ನು ಸಹಿಸಿಕೊಳ್ಳಲಾರ. ಕಟುವಾಗಿ ಹೇಳುತ್ತಿದ್ದರೆ ಕ್ಷಮಿಸಿ, ಆದರೆ ನಿಮ್ಮ ಪತ್ರದಲ್ಲಿ ಸ್ಕೋರ್‌ಗಳೇ ತುಂಬಿವೆ.

ಎತ್ತರದ ಬಗ್ಗೆ ಸುಳ್ಳು ಸಮಾಧಾನ ಹೇಳುವುದಿಲ್ಲ. ಬುಟ್ಟಿ ಇರುವುದು 3.05 ಮೀಟರ್ ಮೇಲೆ. ಎತ್ತರದವರಿಗೆ ಅನುಕೂಲ ಇದ್ದೇ ಇದೆ. ಆದರೂ ಎನ್‌ಬಿಎಯಲ್ಲಿ ಸತತ ಏಳು ಋತು ರಿಬೌಂಡ್‌ನಲ್ಲಿ ಮೊದಲಿಗನಾದ ಡೆನಿಸ್ ರಾಡ್‌ಮನ್ ಬುಟ್ಟಿಯ ಬಳಿ ಆಡುವ ತನ್ನ ಎದುರಾಳಿ ಸೆಂಟರ್‌ಗಳಿಗಿಂತ ಕುಳ್ಳ. ಆತ ಗೆಳೆಯರಿಂದ ಬೇರೆ ಬೇರೆ ಕೋನಗಳಲ್ಲಿ ಚೆಂಡು ಎಸೆಯಿಸಿ, ಯಾರ ಚೆಂಡು ಹೇಗೆ ತಿರುಗುತ್ತದೆ, ರಿಂಗ್‌ಗೆ ಬಡಿದು ಯಾವ ಕಡೆ ಸಿಡಿಯುತ್ತದೆ ಎಂದು ನೋಡುತ್ತ ನಿಲ್ಲುತ್ತಿದ್ದ. ಹಾಗೆ ನೋಡಲು ನಿಮ್ಮ ಶಾಲೆಯ ಸಿಮೆಂಟ್ ಅಂಕಣವೂ ಸಾಕು.

ಇನ್ನು ಧಾರವಾಡದ ಮಾತು. ನಿಮ್ಮೂರಿನವರೇ ಆದ ಕ್ರಿಕೆಟಿಗ ಸುನೀಲ್ ಜೋಶಿ ಹುಡುಗನಾಗಿದ್ದಾಗ ಬೆಳಿಗ್ಗೆ ಹುಬ್ಬಳ್ಳಿಗೆ ಬಂದು ಅಭ್ಯಾಸ ಮಾಡಿ, ಶಾಲೆಯ ವೇಳೆಗೆ ಗದಗಿಗೆ ಮರಳುತ್ತಿದ್ದರು. ಅವರು ನಸುಕಿನಲ್ಲಿ ಎದ್ದದ್ದಕ್ಕೆ ಅರ್ಥವಿತ್ತು, ಏಕೆಂದರೆ ಊರಿನಲ್ಲಿ ಸಿಗದ ಅಭ್ಯಾಸ ಹುಬ್ಬಳ್ಳಿಯಲ್ಲಿ ಸಿಗುತ್ತಿತ್ತು. ನಿಮ್ಮ ಮಗಳಿಗೂ ತನಗಿಂತ ಚೆನ್ನಾಗಿ ಆಡುವವರು ಧಾರವಾಡದಲ್ಲಿ ನಿತ್ಯ ಎದುರಾಗುವಂತಿದ್ದರೆ ಮಾತ್ರ ಕಳುಹಿಸಿ. ಒಂದು ಭಾನುವಾರ ಅವಳನ್ನು ಕರೆದುಕೊಂಡು ಹೋಗಿ ಅಲ್ಲಿನ ಅಭ್ಯಾಸವನ್ನು ಕೊನೆಯವರೆಗೂ ಕುಳಿತು ನೋಡಿ. ತಪ್ಪಿದ ಹುಡುಗಿಗೆ ಕೋಚ್ ಏಕೆ ತಪ್ಪಿತೆಂದು ತೋರಿಸುತ್ತಾರೋ, ಬರೀ ಗದರುತ್ತಾರೋ ಗಮನಿಸಿ. ಹಾಸ್ಟೆಲ್ಲಿನ ಶುಲ್ಕ ವಿಚಾರಿಸುವುದು ಆಮೇಲಿನ ಮಾತು.

— ಸಂಪಾದಕ