ದಿನದ ಸೈಕಲ್ಲಿನ ಶೋಕಿ ಮತ್ತು ರಿಪೇರಿ: ಓದುಗರ ಪ್ರಶ್ನೆಗಳಿಗೆ ಉತ್ತರ

ಕೆಲಸಕ್ಕೆ, ಕಾಲೇಜಿಗೆ, ಸಂತೆಗೆ ದಿನವೂ ತುಳಿಯುವ ಸೈಕಲ್ಲಿಗೆ ತಾವೇ ಮಾಡಿಕೊಂಡ ಅಲಂಕಾರ ಮತ್ತು ಮಾರ್ಪಾಡುಗಳ ಬಗ್ಗೆ ಬರೆಯಬೇಕೆಂದು ಓದುಗರನ್ನು ಕೇಳಿದ್ದೆವು. ಪತ್ರಗಳ ಜೊತೆಗೆ ಚಿತ್ರಗಳೂ ಬಂದಿವೆ. ಆಯುಧಪೂಜೆಯ ದಿನ ಚೆಂಡುಹೂವಿನ ಹಾರ ಹಾಕಿಸಿಕೊಂಡು ನಿಂತ ಸೈಕಲ್ಲುಗಳೇ ಅವುಗಳಲ್ಲಿ ಹೆಚ್ಚು. ಉತ್ತರ ಬರೆಯುವಾಗ ಒಂದು ಅಳತೆಗೋಲನ್ನು ಇಟ್ಟುಕೊಂಡಿದ್ದೇನೆ. ಮಾಡಿಕೊಂಡ ಬದಲಾವಣೆ ದಾರಿಯಲ್ಲಿ ಕೈಕೊಟ್ಟರೆ, ಮುಂದಿನ ಊರಿನ ಬಸ್ ನಿಲ್ದಾಣದ ಬಳಿಯ ಸೈಕಲ್ ಶಾಪಿನವರು ತಮ್ಮಲ್ಲಿರುವ ಸಾಮಾನಿನಿಂದಲೇ ಅದನ್ನು ಸರಿಮಾಡಿಕೊಡಬಲ್ಲರೇ ಎಂಬುದೇ ಆ ಅಳತೆಗೋಲು.

ಪ್ರಶ್ನೆ: ನಮ್ಮ ತಂದೆಯವರು ಬಳಸುತ್ತಿದ್ದ, ಇಂಗ್ಲೆಂಡಿನಲ್ಲಿ ತಯಾರಾದ ರ‍್ಯಾಲಿ ಸೈಕಲ್ಲು ನನ್ನ ಬಳಿ ಇದೆ. ಮೂರು ಗೇರುಗಳಿವೆ. ಈಗಲೂ ಬೆಳಿಗ್ಗೆ ಮಾರುಕಟ್ಟೆಗೆ ಅದರಲ್ಲೇ ಹೋಗುತ್ತೇನೆ. ಹೊಸದಾಗಿ ಬಣ್ಣ ಹೊಡೆಸಿ, ಕ್ರೋಮ್ ಮಾಡಿಸಿ ಹೊಳೆಯುವಂತೆ ಮಾಡಬೇಕೆಂದಿದ್ದೇನೆ. ಇದು ಯಾವ ವರ್ಷದ್ದೆಂದು ತಿಳಿಯುವುದು ಹೇಗೆ? (ನಿವೃತ್ತ ಶಿಕ್ಷಕರು, ಮೈಸೂರು)

ಉತ್ತರ: ದಯವಿಟ್ಟು ಬಣ್ಣ ಹೊಡೆಸಬೇಡಿ. ಕಪ್ಪು ಎನಾಮಲ್ಲಿನ ಮೇಲೆ ಎಳೆದ ಬಂಗಾರದ ಬಣ್ಣದ ತೆಳು ಗೆರೆ, ಮುಂಭಾಗದ ಲಾಂಛನ, ಸೀಟಿನ ಕೆಳಗಿನ ಕೊಳವೆಯ ಮೇಲಿನ ಅಕ್ಷರಗಳು ಒಮ್ಮೆ ಹೋದರೆ ಮತ್ತೆ ಬರುವುದಿಲ್ಲ; ಹೊಸ ಬಣ್ಣ ಎಷ್ಟೇ ಮಿರುಗಿದರೂ ನೋಡುವವರಿಗೆ ಅದು ಬಣ್ಣ ಹೊಡೆಸಿದ ಹಳೆಯ ಸೈಕಲ್ಲಾಗಿಯೇ ಕಾಣುತ್ತದೆ. ಬಣ್ಣವಿರುವ ಭಾಗವನ್ನು ಸೋಪಿನ ನೀರಿನಿಂದ ಒರೆಸಿ, ಒಣಗಿದ ಮೇಲೆ ಮೇಣದ ಪಾಲಿಶ್ ಹಚ್ಚಿ. ಹ್ಯಾಂಡಲ್ಲು ಮತ್ತು ರಿಮ್ಮುಗಳ ಮೇಲಿನ ಸಣ್ಣ ತುಕ್ಕಿಗೆ, ಅಡುಗೆಮನೆಯ ಅಲ್ಯೂಮಿನಿಯಂ ಹಾಳೆಯನ್ನು ಮಡಚಿ ನೀರಿನಲ್ಲಿ ಅದ್ದಿ ಉಜ್ಜಿದರೆ ಸಾಕು. ಅದು ಕ್ರೋಮಿಗಿಂತ ಮೆದುವಾದ್ದರಿಂದ ಗೀರು ಬೀಳುವುದಿಲ್ಲ.

ವರ್ಷದ ವಿಷಯಕ್ಕೆ ಬಂದರೆ ನೀವು ಅದೃಷ್ಟವಂತರು. ಮೂರು ಗೇರುಗಳು ಹಿಂದಿನ ಚಕ್ರದ ಹಬ್ಬಿನೊಳಗೆ, ಅಂದರೆ ಕಡ್ಡಿಗಳು ಬಂದು ಸೇರುವ ನಡುಭಾಗದೊಳಗೆ, ಇವೆಯೆಂದರೆ ಅದು ಬಹುಮಟ್ಟಿಗೆ ನಾಟಿಂಗ್‌ಹ್ಯಾಮಿನ ಸ್ಟರ್ಮಿ ಆರ್ಚರ್ ಹಬ್ಬು. ಹಬ್ಬಿನ ಹೊರಮೈಯ ಮಣ್ಣನ್ನು ಒರೆಸಿ ನೋಡಿ, ‘ಎ.ಡಬ್ಲ್ಯೂ.’ ಎಂಬ ಮಾದರಿಯ ಹೆಸರಿನ ಬಳಿ ತಯಾರಾದ ವರ್ಷದ ಕೊನೆಯ ಎರಡು ಅಂಕಿಗಳನ್ನು, ಅನೇಕ ವೇಳೆ ತಿಂಗಳನ್ನೂ ಅಚ್ಚೊತ್ತಿರುತ್ತಾರೆ. ಚಕ್ರವನ್ನು ಯಾರೂ ಬದಲಾಯಿಸಿರದಿದ್ದರೆ ಸೈಕಲ್ಲಿನ ವಯಸ್ಸೂ ಹೆಚ್ಚುಕಡಿಮೆ ಅದೇ. 1936ರಲ್ಲಿ ಬಂದ ಈ ಹಬ್ಬಿನ ನಡುವಿನ ಗೇರು ನೇರ ಓಟದ್ದು, ಅಂದರೆ ಹಿಂದಿನ ಹಲ್ಲುಚಕ್ರ ಒಂದು ಸುತ್ತು ಬಂದರೆ ಚಕ್ರವೂ ಒಂದೇ ಸುತ್ತು ಬರುತ್ತದೆ. ಕೆಳಗಿನದು ಅದಕ್ಕಿಂತ ಶೇ. 25ರಷ್ಟು ಹಗುರ, ಮೇಲಿನದು ಶೇ. 33ರಷ್ಟು ಭಾರ.

ಹೊಳಪಿಗಿಂತ ಮೊದಲು ನೋಡಬೇಕಾದದ್ದು ಗೇರಿನ ಕೇಬಲ್ಲನ್ನು. ಈ ಹಬ್ಬಿನಲ್ಲಿ ಎರಡನೆಯ ಮತ್ತು ಮೂರನೆಯ ಗೇರುಗಳ ನಡುವೆ ಯಾವ ಗೇರೂ ಹಿಡಿಯದ ಒಂದು ಜಾಗವಿದೆ. ಕೇಬಲ್ಲು ಸಡಿಲವಾಗಿದ್ದರೆ, ನೀವು ಸೀಟಿನಿಂದ ಎದ್ದು ನಿಂತು ತುಳಿಯುವ ಹೊತ್ತಿಗೆ ಪೆಡಲ್ಲು ಬರಿದಾಗಿ ಸುತ್ತಿ ನೀವು ಬಾರಿನ ಮೇಲೆ ಬೀಳುವ ಸಾಧ್ಯತೆ ಇದೆ. ಕೇಬಲ್ಲಿನ ತುದಿಯ ತಿರುಪನ್ನು ಅರ್ಧರ್ಧ ಸುತ್ತು ಬಿಗಿಮಾಡುತ್ತಾ, ಎರಡನೆಯ ಗೇರಿನಲ್ಲಿದ್ದಾಗ ಹಿಂದಿನ ಚಕ್ರದ ಅಚ್ಚಿನಿಂದ ಹೊರಬರುವ ಕಡ್ಡಿಯ ಭುಜ (ಅದರ ದಪ್ಪ ಬದಲಾಗುವ ಅಂಚು) ಅಚ್ಚಿನ ತುದಿಗೆ ಸಮನಾಗಿ ನಿಲ್ಲುವಂತೆ ಮಾಡಿ. ಹಬ್ಬಿನ ಮೇಲಿನ ಪುಟ್ಟ ಮುಚ್ಚಳ ತೆಗೆದು ಆಗಾಗ ಕೆಲವು ಹನಿ ತೆಳುವಾದ ಯಂತ್ರದ ಎಣ್ಣೆ ಬಿಡಿ. ಒಳಗೆ ಗ್ರೀಸು ತುಂಬುವುದು ಬೇಡ.

ಪ್ರಶ್ನೆ: ನನ್ನದು 28 ಇಂಚಿನ ಸಾದಾ ಕಪ್ಪು ಸೈಕಲ್ಲು. ಮನೆಯಿಂದ ಕಚೇರಿಗೆ ಹೋಗುವಾಗ ಎರಡು ಏರುಗಳು ಸಿಗುತ್ತವೆ, ಇಳಿದು ತಳ್ಳಬೇಕಾಗುತ್ತದೆ. ಗೇರಿನ ಸೆಟ್ ಹಾಕಿಸಬಹುದೇ? (ಸರ್ಕಾರಿ ನೌಕರರು, ಶಿರಸಿ)

ಉತ್ತರ: ಹಾಕಿಸಬಹುದು, ಆದರೆ ಹಾಕಿಸಬೇಕಾಗಿಲ್ಲ. ಗೇರಿನ ಸೆಟ್ಟಿಗೆ ಹಿಂದಿನ ಚಕ್ರದ ಅಚ್ಚು ಉದ್ದವಾಗಬೇಕು, ಫ್ರೇಮಿನ ಹಿಂಬದಿಯನ್ನು ಅಗಲಿಸಬೇಕು, ಚೈನನ್ನು ತೆಳುವಾದದ್ದಕ್ಕೆ ಬದಲಿಸಬೇಕು, ಚೈನ್ ಕವರನ್ನು ಬಿಚ್ಚಿಡಬೇಕು. ನಿಮ್ಮೂರಿನ ಮಳೆಯಲ್ಲಿ ಕವರಿಲ್ಲದ ಚೈನಿನ ಗತಿ ಏನಾಗುತ್ತದೆಂದು ನಿಮಗೇ ಗೊತ್ತು. ಇಷ್ಟೆಲ್ಲ ಮಾಡಿದ ಮೇಲೂ ಸೈಕಲ್ಲಿನ ತೂಕ ಒಂದಿಷ್ಟು ಏರಿರುತ್ತದೆಯೇ ಹೊರತು ಇಳಿದಿರುವುದಿಲ್ಲ.

ಅದಕ್ಕಿಂತ ಅಗ್ಗದ ಉಪಾಯವೊಂದಿದೆ. ಸಾದಾ ಸೈಕಲ್ಲುಗಳ ಚೈನ್ ವೀಲಿಗೆ, ಅಂದರೆ ಪೆಡಲ್ಲಿನ ಬಳಿಯ ಹಲ್ಲುಚಕ್ರಕ್ಕೆ, ಸಾಮಾನ್ಯವಾಗಿ 44 ಹಲ್ಲುಗಳೂ ಹಿಂದಿನ ಚಕ್ರದ ಹಲ್ಲುಚಕ್ರವಾದ ಫ್ರೀವೀಲಿಗೆ 18 ಹಲ್ಲುಗಳೂ ಇರುತ್ತವೆ. ಮೊದಲು ನಿಮ್ಮದನ್ನು ಎಣಿಸಿ ಖಚಿತಪಡಿಸಿಕೊಳ್ಳಿ. ಹಾಗಿದ್ದರೆ ಪೆಡಲ್ಲು ಒಂದು ಸುತ್ತು ಬಂದಾಗ ಸೈಕಲ್ಲು ಸುಮಾರು 5.5 ಮೀಟರ್ ಮುಂದೆ ಹೋಗುತ್ತದೆ. ಫ್ರೀವೀಲನ್ನು 20 ಹಲ್ಲಿನದಕ್ಕೆ ಬದಲಿಸಿದರೆ ಅದು 4.9 ಮೀಟರಿಗೂ, 22 ಹಲ್ಲಿನದಕ್ಕೆ ಬದಲಿಸಿದರೆ ಸುಮಾರು 4.5 ಮೀಟರಿಗೂ ಇಳಿಯುತ್ತದೆ. ಅಂದರೆ ಏರಿನಲ್ಲಿ ಕಾಲಿನ ಮೇಲೆ ಬೀಳುವ ಭಾರ ಕ್ರಮವಾಗಿ ಹತ್ತರಲ್ಲಿ ಒಂದು ಪಾಲು ಮತ್ತು ಸುಮಾರು ಐದೂವರೆಯಲ್ಲಿ ಒಂದು ಪಾಲು ಕಡಿಮೆಯಾಗುತ್ತದೆ. ಸಮತಟ್ಟಾದ ದಾರಿಯಲ್ಲಿ ವೇಗ ಅಷ್ಟೇ ಕುಗ್ಗುತ್ತದೆಯೆಂಬುದು ನಿಜ, ಆದರೆ ತಳ್ಳಿಕೊಂಡು ನಡೆಯುವ ಹೊತ್ತು ಉಳಿಯುವುದರಿಂದ ಕಚೇರಿಗೆ ತಡವಾಗಲಾರದು.

20 ಹಲ್ಲಿನ ಫ್ರೀವೀಲಿಗೆ ಹಳೆಯ ಚೈನೇ ಸಾಕಾಗುತ್ತದೆ. ಹಿಂದಿನ ಚಕ್ರವನ್ನು ಕಾಲಿಂಚು ಮುಂದಕ್ಕೆ ಸರಿಸಿದರಾಯಿತು. 22 ಹಲ್ಲಿನದಕ್ಕೆ ಅರ್ಧ ಇಂಚು ಸರಿಸಬೇಕಾಗಿ ಬಂದು, ಅಷ್ಟು ಜಾಗವಿಲ್ಲದಿದ್ದರೆ ಚೈನಿಗೆ ಒಂದು ಜೋಡಿ ಕೊಂಡಿ, ಅಂದರೆ ಒಂದು ಇಂಚು, ಸೇರಿಸಬೇಕಾಗುತ್ತದೆ. ಚಕ್ರ ಸರಿದಷ್ಟೂ ಹಿಂದಿನ ಬ್ರೇಕಿನ ರಬ್ಬರು ರಿಮ್ಮಿನ ಮೇಲೆ ಕೂರುವ ಜಾಗ ಬದಲಾಗುತ್ತದೆ. ಅದನ್ನು ಹೊಂದಿಸದೆ ಅಂಗಡಿಯಿಂದ ಹೊರಡಬೇಡಿ. ಜೊತೆಗೆ ಸೀಟಿನ ಎತ್ತರವನ್ನೂ ನೋಡಿಕೊಳ್ಳಿ: ಪೆಡಲ್ಲು ಅತ್ಯಂತ ಕೆಳಗಿರುವಾಗ ಅದರ ಮೇಲೆ ಹಿಮ್ಮಡಿ ಇಟ್ಟರೆ ಕಾಲು ನೇರವಾಗಿ ಚಾಚಬೇಕು. ಅಲ್ಲಿಂದ ಪಾದದ ಮುಂಭಾಗದಲ್ಲಿ ತುಳಿದರೆ ಮಂಡಿ ಬೇಕಾದಷ್ಟೇ ಮಡಚುತ್ತದೆ. ನಮ್ಮಲ್ಲಿ ಅರ್ಧದಷ್ಟು ಜನ ಸೀಟನ್ನು ತೀರಾ ತಗ್ಗಿಸಿಕೊಂಡು, ಏರು ಕಷ್ಟವೆಂದು ಸೈಕಲ್ಲನ್ನು ಬೈಯುತ್ತಾರೆ.

ಪ್ರಶ್ನೆ: ನನ್ನ ಸೈಕಲ್ಲಿನ ಕಡ್ಡಿಗಳಿಗೆ ಬಣ್ಣದ ಮಣಿ, ಹಬ್ಬುಗಳಿಗೆ ನೂಲಿನ ಗೊಂಡೆ, ಚಕ್ರಕ್ಕೆ ಮಿನುಗುವ ದೀಪ, ಫ್ರೇಮಿನ ತುಂಬ ರೇಡಿಯಂ ಸ್ಟಿಕ್ಕರ್ ಹಾಕಿದ್ದೇನೆ. ಮಡ್‌ಗಾರ್ಡ್ ಎರಡನ್ನೂ ತೆಗೆದಿದ್ದೇನೆ. ಮನೆಯಲ್ಲಿ ಬೈಯುತ್ತಾರೆ. ನೀವೇನು ಹೇಳುತ್ತೀರಿ? (ಪಿಯು ವಿದ್ಯಾರ್ಥಿ, ಹುಬ್ಬಳ್ಳಿ)

ಉತ್ತರ: ಚಿತ್ರ ನೋಡಿದೆ, ಚೆನ್ನಾಗಿದೆ. ಮಣಿಗಳಿಂದ ಯಾವ ತೊಂದರೆಯೂ ಇಲ್ಲ. ಕಡ್ಡಿ ಸಡಿಲವಾಗಿದ್ದರೆ ಅವುಗಳ ಸದ್ದೇ ಬದಲಾಗುವುದರಿಂದ ಒಂದು ಉಪಯೋಗವೂ ಉಂಟು. ಹಬ್ಬಿನ ಗೊಂಡೆ ಮೂಲದಲ್ಲಿ ಕೇವಲ ಅಲಂಕಾರದ ವಸ್ತುವಲ್ಲ, ಚಕ್ರ ತಿರುಗಿದಂತೆಲ್ಲ ಹಬ್ಬಿನ ನಡುಭಾಗದ ಧೂಳನ್ನು ಅದು ಒರೆಸುತ್ತಿರುತ್ತದೆ. ರೇಡಿಯಂ ಸ್ಟಿಕ್ಕರನ್ನು ಫ್ರೇಮಿಗಿಂತ ಹೆಚ್ಚಾಗಿ ಹಿಂದಿನ ಮಡ್‌ಗಾರ್ಡಿನ ತುದಿಗೂ ಪೆಡಲ್ಲಿನ ಅಂಚಿಗೂ ಅಂಟಿಸಿದರೆ, ಲಾರಿಯ ಬೆಳಕು ಬಿದ್ದಾಗ ಮೇಲೆ ಕೆಳಗೆ ಆಡುವ ಆ ಹೊಳಪನ್ನು ನೋಡಿ ಚಾಲಕನಿಗೆ ಮುಂದಿರುವುದು ಸೈಕಲ್ಲೆಂದು ಕೂಡಲೇ ತಿಳಿಯುತ್ತದೆ. ಮಿನುಗುವ ದೀಪಗಳಲ್ಲಿ ಕೆಂಪನ್ನು ಮುಂದಿನ ಚಕ್ರದಿಂದ ತೆಗೆದುಬಿಡಿ. ಕತ್ತಲಲ್ಲಿ ಕೆಂಪು ಕಂಡರೆ ಎದುರಿನವರು ನೀವು ಅವರಿಂದ ದೂರ ಹೋಗುತ್ತಿದ್ದೀರೆಂದು ತಿಳಿಯುತ್ತಾರೆ.

ಮಡ್‌ಗಾರ್ಡಿನ ವಿಷಯದಲ್ಲಿ ಮಾತ್ರ ನಾನು ನಿಮ್ಮ ಮನೆಯವರ ಪಕ್ಷ. ಅದಿಲ್ಲದ ಮುಂದಿನ ಚಕ್ರ ಎರಚುವ ಕೆಸರು ನೇರವಾಗಿ ಪೆಡಲ್ಲಿನ ನಡುವಿನ ಬೇರಿಂಗಿಗೂ ಚೈನಿಗೂ ಹೋಗುತ್ತದೆ. ಹಿಂದಿನ ಮಡ್‌ಗಾರ್ಡಿನ ತುದಿಯಲ್ಲಿ ಬಳಿದಿರುವ ಬಿಳಿ ಪಟ್ಟೆಯೂ ಸುಮ್ಮನೆ ಬಂದದ್ದಲ್ಲ. ರಾತ್ರಿಯಲ್ಲಿ ಸೈಕಲ್ಲು ಕಾಣಲೆಂದು ಬ್ರಿಟನ್ನಿನಲ್ಲಿ ಮಾಡಿದ್ದ ನಿಯಮವೊಂದರ ಗುರುತು ಅದು, ನಮ್ಮ ಕಾರ್ಖಾನೆಗಳು ಅದನ್ನು ಹಾಗೆಯೇ ಉಳಿಸಿಕೊಂಡು ಬಂದಿವೆ.

ಪ್ರಶ್ನೆ: ಸೈಕಲ್ಲೆಂದರೆ ಬಡವರ ವಾಹನ. ಅದಕ್ಕೆ ಹೀಗೆ ಹಣ ಸುರಿದು ಶೋಕಿ ಮಾಡುವುದು ಈಗಿನವರ ಹುಚ್ಚಲ್ಲವೇ? (ಓದುಗರು, ದಾವಣಗೆರೆ)

ಉತ್ತರ: ಈಗಿನವರದು ಎನ್ನುವುದನ್ನು ಒಪ್ಪಲಾರೆ. ಮದರಾಸಿನ ಅಂಬತ್ತೂರಿನಲ್ಲಿ 1949ರಲ್ಲಿ ಟಿ.ಐ. ಸೈಕಲ್ಸ್, ಸೋನೆಪತ್‌ನಲ್ಲಿ 1951ರಲ್ಲಿ ಅಟ್ಲಾಸ್, ಲುಧಿಯಾನದಲ್ಲಿ 1956ರಲ್ಲಿ ಹೀರೊ ಆರಂಭವಾಗುವ ಮೊದಲು ಸೈಕಲ್ಲು ಬಹುಪಾಲು ಹಡಗಿನಲ್ಲಿ ಬರುವ ದುಬಾರಿ ವಸ್ತುವಾಗಿತ್ತು. ಮದುವೆಯಲ್ಲಿ ಅಳಿಯನಿಗೆ ಕೊಡುವ ಸಾಮಾನಾಗಿತ್ತು, ಪುರಸಭೆಗೆ ತೆರಿಗೆ ಕಟ್ಟಿ ಬಿಲ್ಲೆ ತಗಲಿಸಿಕೊಳ್ಳುವ ವಾಹನವಾಗಿತ್ತು. ಆಮೇಲೆಯೂ ನಮ್ಮ ಅಂಗಡಿಗಳಲ್ಲಿ ಸೈಕಲ್ಲನ್ನು ಬರಿಮೈಯಲ್ಲಿ ಮಾರಿ, ಸ್ಟ್ಯಾಂಡು, ಕ್ಯಾರಿಯರು, ಬೀಗ, ಬೆಲ್ಲು, ಸೀಟಿನ ಕವರು, ಡೈನಮೊಗಳನ್ನು ಕೊಳ್ಳುವವರೇ ಆರಿಸಿ ಹಾಕಿಸಿಕೊಳ್ಳುವ ಪದ್ಧತಿ ಬೆಳೆಯಿತು. ಹೀಗಾಗಿ ಒಂದೇ ಕಾರ್ಖಾನೆಯ ಎರಡು ಕಪ್ಪು ಸೈಕಲ್ಲುಗಳು ಅಂಗಡಿಯ ಬಾಗಿಲು ದಾಟುವಾಗಲೇ ಬೇರೆಬೇರೆಯಾಗಿ ಕಾಣುತ್ತಿದ್ದವು. ರಾಜ್ಯ ಸರ್ಕಾರ 2006-07ರಲ್ಲಿ ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ಲು ಕೊಡಲು ಆರಂಭಿಸಿದ ಮೇಲೆ, ಶಾಲೆಯ ಮುಂದೆ ಸಾಲಾಗಿ ನಿಂತ ಒಂದೇ ಬಗೆಯ ಸೈಕಲ್ಲುಗಳಲ್ಲಿ ತನ್ನದನ್ನು ಗುರುತಿಸಲು ಹುಡುಗಿಯೊಬ್ಬಳು ಹ್ಯಾಂಡಲ್ಲಿಗೆ ರಿಬ್ಬನ್ನು ಕಟ್ಟಿದ್ದರೆ ಅದನ್ನು ಹುಚ್ಚು ಎನ್ನಲು ನನಗೆ ಮನಸ್ಸು ಬರುವುದಿಲ್ಲ. ಹಾಲಿನ ಕ್ಯಾನು ಹೇರಲು ಕ್ಯಾರಿಯರಿಗೆ ಕಬ್ಬಿಣದ ಕೊಕ್ಕೆ ಬೆಸೆಸಿಕೊಂಡವರು, ಸೈಕಲ್ಲನ್ನು ಸ್ಟ್ಯಾಂಡ್ ಹಾಕಿ ನಿಲ್ಲಿಸಿ ಪೆಡಲ್ಲು ತುಳಿದೇ ಕಲ್ಲು ತಿರುಗಿಸಿ ಚಾಕುವಿಗೆ ಸಾಣೆ ಹಿಡಿಯುವವರು ನಮ್ಮಲ್ಲಿ ಮಾರ್ಪಾಡಿನ ನಿಜವಾದ ಪ್ರವೀಣರು. ಅವರನ್ನು ಯಾರೂ ಶೋಕಿಯವರೆಂದು ಕರೆದದ್ದಿಲ್ಲ.

ಪ್ರಶ್ನೆ: ಹಳೆಯ ಡೈನಮೊಗೆ ಎಲ್‌ಇಡಿ ಬಲ್ಬು ಹಾಕಿದೆ. ನಿಧಾನವಾಗಿ ಹೋದಾಗ ಪಟಪಟನೆ ಮಿನುಗುತ್ತದೆ. ಏಕೆ? (ಎಲೆಕ್ಟ್ರಿಷಿಯನ್, ಮಂಗಳೂರು)

ಉತ್ತರ: ಟೈರಿಗೆ ಉಜ್ಜಿಕೊಂಡು ತಿರುಗುವ ಡೈನಮೊ ಕೊಡುವುದು ಎಸಿ ವಿದ್ಯುತ್ತು. ಸಾಮಾನ್ಯ ಅಳತೆ 6 ವೋಲ್ಟ್, 3 ವ್ಯಾಟ್, ಅದರಲ್ಲಿ 2.4 ವ್ಯಾಟ್ ಮುಂದಿನ ಬಲ್ಬಿಗೆ, 0.6 ವ್ಯಾಟ್ ಹಿಂದಿನದಕ್ಕೆ. ತಂತಿಯ ಬಲ್ಬು ಆರುವಷ್ಟರಲ್ಲಿ ಮತ್ತೆ ಕಾಯುವುದರಿಂದ ಮಿನುಗು ಅಷ್ಟಾಗಿ ಕಾಣುತ್ತಿರಲಿಲ್ಲ, ಎಲ್‌ಇಡಿ ಮಾತ್ರ ವಿದ್ಯುತ್ತು ದಿಕ್ಕು ಬದಲಿಸಿದಾಗಲೆಲ್ಲ ಆರಿ ಹೊತ್ತಿಕೊಳ್ಳುತ್ತದೆ. ವಿದ್ಯುತ್ತನ್ನು ಒಂದೇ ದಿಕ್ಕಿಗೆ ತಿರುಗಿಸುವ ನಾಲ್ಕು ಡಯೋಡುಗಳ ಬ್ರಿಡ್ಜ್ ಹಾಕಿ, ಅದರ ಮುಂದೆ ಒಂದು ದೊಡ್ಡ ಕೆಪಾಸಿಟರ್ ಸೇರಿಸಿದರೆ ಬೆಳಕು ಮಿನುಗದೆ ಸ್ಥಿರವಾಗುತ್ತದೆ. ಸೈಕಲ್ಲು ನಿಂತ ಮೇಲೂ ತುಸು ಹೊತ್ತು ಉರಿಯುತ್ತದೆ. ಇಳಿಜಾರಿನಲ್ಲಿ ವೋಲ್ಟೇಜು ಏರುವುದರಿಂದ ಅದನ್ನು ತಡೆಯುವ ಜೀನರ್ ಡಯೋಡನ್ನು ಮರೆಯಬೇಡಿ. ನೀವು ಎಲೆಕ್ಟ್ರಿಷಿಯನ್ ಆದ್ದರಿಂದ ಉಳಿದದ್ದನ್ನು ವಿವರಿಸಬೇಕಾಗಿಲ್ಲ. ದೀಪದ ಮುಖ ಮಾತ್ರ ರಸ್ತೆಯ ಕಡೆಗೆ ಬಾಗಿರಲಿ.

ಪ್ರಶ್ನೆ: ರಾಡ್ ಬ್ರೇಕಿನ ಹಳೆಯ ಸೈಕಲ್ಲಿಗೆ 250 ವ್ಯಾಟಿನ ಮೋಟಾರು ಮತ್ತು ಬ್ಯಾಟರಿ ಹಾಕಿಸಿದರೆ ಹೇಗೆ? (ಅಂಗಡಿ ಮಾಲೀಕರು, ತುಮಕೂರು)

ಉತ್ತರ: ಮೋಟಾರಿಗಿಂತ ಮೊದಲು ಬ್ರೇಕಿನ ಬಗ್ಗೆ ಯೋಚಿಸಿ. ಗಂಟೆಗೆ 15 ಕಿಲೋಮೀಟರ್ ಬದಲು 25ರಲ್ಲಿ ಹೋಗುವ ಸೈಕಲ್ಲನ್ನು ನಿಲ್ಲಿಸಲು ಬ್ರೇಕು ಸುಮಾರು 2.8 ಪಟ್ಟು ಶಕ್ತಿಯನ್ನು ನುಂಗಬೇಕು. ಕ್ರೋಮ್ ಹಾಕಿದ ಉಕ್ಕಿನ ರಿಮ್ಮು ಒದ್ದೆಯಾದಾಗ ರಾಡ್ ಬ್ರೇಕಿನ ರಬ್ಬರು ಬಹಳ ಹೊತ್ತು ಸುಮ್ಮನೆ ಜಾರುತ್ತಿರುತ್ತದೆಂಬುದು ಮಳೆಯಲ್ಲಿ ತುಳಿದವರಿಗೆಲ್ಲ ಗೊತ್ತು. ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಮೋಟಾರಿನ ಮೂವತ್ತು ನಿಮಿಷದ ಶಕ್ತಿ (ಅಷ್ಟು ಹೊತ್ತು ಸತತವಾಗಿ ಕೊಡಬಲ್ಲ ಶಕ್ತಿ) 0.25 ಕಿಲೋವ್ಯಾಟಿಗಿಂತಲೂ ಗರಿಷ್ಠ ವೇಗ ಗಂಟೆಗೆ 25 ಕಿಲೋಮೀಟರಿಗಿಂತಲೂ ಕಡಿಮೆಯಿದ್ದರೆ ಅಂಥ ವಾಹನವನ್ನು ಮೋಟಾರು ವಾಹನವೆಂದು ಎಣಿಸುವುದಿಲ್ಲ, ಆದರೆ ಈ ರಿಯಾಯಿತಿಗೆ ಪರೀಕ್ಷಾ ಸಂಸ್ಥೆಯ ದೃಢೀಕರಣವೂ ಬೇಕು. ನಿಮ್ಮ ಅಂಗಡಿಯ ಪಕ್ಕದಲ್ಲಿ ಕೂಡಿಸಿದ ಸೈಕಲ್ಲಿಗೆ ಅಂಥ ಕಾಗದ ಇರುವುದಿಲ್ಲ. ಮೋಟಾರು ಬೇಕೇಬೇಕೆಂದಾದರೆ ಅದಕ್ಕೆಂದೇ ತಯಾರಾದ, ಡಿಸ್ಕ್ ಬ್ರೇಕಿರುವ ಸೈಕಲ್ಲನ್ನು ಕೊಳ್ಳಿ.

ಪ್ರಶ್ನೆ: ಚೈನಿಗೆ ಕೊಬ್ಬರಿ ಎಣ್ಣೆ ಹಾಕಬಹುದೇ? (ಗೃಹಿಣಿ, ಹಾಸನ)

ಉತ್ತರ: ಬೇಡ. ಅದು ಸುಮಾರು 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುತ್ತದೆ, ನಿಮ್ಮೂರಿನ ಚಳಿಗಾಲದ ಬೆಳಗು ಅದಕ್ಕಿಂತಲೂ ತಣ್ಣಗಿರುತ್ತದೆ. ಚೈನನ್ನು ಸೀಮೆಎಣ್ಣೆಯಲ್ಲಿ ತೊಳೆದು ಒಣಗಿಸಿ, ಹೊಲಿಗೆ ಯಂತ್ರದ ಎಣ್ಣೆಯನ್ನು ಕೊಂಡಿಗೊಂದು ಹನಿ ಬಿಟ್ಟು, ಹೊರಮೈಯನ್ನು ಒರೆಸಿಬಿಡಿ. ಹಾಗೆಯೇ ಒಂದು ಅಡಿಪಟ್ಟಿ ಹಿಡಿದು ನೋಡಿ: 24 ಕೊಂಡಿಗಳ ಉದ್ದ ಸರಿಯಾಗಿ 12 ಇಂಚಿರಬೇಕು. ಇಂಚಿನ ಹದಿನಾರನೆಯ ಒಂದು ಭಾಗ ಹೆಚ್ಚಾಗಿದ್ದರೆ ಚೈನು ಬದಲಿಸುವ ಕಾಲ. ಎಂಟನೆಯ ಒಂದು ಭಾಗ ಹೆಚ್ಚಾಗುವವರೆಗೆ ಕಾದರೆ ಫ್ರೀವೀಲೂ ಸವೆದಿರುತ್ತದೆ.

ಪ್ರಶ್ನೆ: ಹೊಸ ಪೆಡಲ್ ಹಾಕೋಣವೆಂದು ಹೊರಟೆ. ಬಲಗಡೆಯದು ಬಿಚ್ಚಿತು, ಎಡಗಡೆಯದು ಎಷ್ಟು ಬಲ ಹಾಕಿದರೂ ಅಲುಗುತ್ತಿಲ್ಲ. (ಕಾಲೇಜು ವಿದ್ಯಾರ್ಥಿನಿ, ಧಾರವಾಡ)

ಉತ್ತರ: ನೀವು ಅದನ್ನು ಬಿಚ್ಚುತ್ತಿಲ್ಲ, ಇನ್ನಷ್ಟು ಬಿಗಿಮಾಡುತ್ತಿದ್ದೀರಿ. ತುಳಿಯುವಾಗ ತಾನಾಗಿ ಕಳಚಿಕೊಳ್ಳದಿರಲೆಂದು ಎಡ ಪೆಡಲ್ಲಿನ ತಿರುಪನ್ನು ಉಲ್ಟಾ ಕೊರೆದಿರುತ್ತಾರೆ. ಪಾನಾದ ಹಿಡಿ ಮೇಲ್ಮುಖವಾಗಿರುವಂತೆ ಹಿಡಿದು ಹಿಂದಿನ ಚಕ್ರದ ಕಡೆಗೆ ಎಳೆದರೆ ಎರಡೂ ಬದಿಯ ಪೆಡಲ್ಲುಗಳು ಬಿಚ್ಚುತ್ತವೆ, ಮುಂದಿನ ಚಕ್ರದ ಕಡೆಗೆ ತಳ್ಳಿದರೆ ಎರಡೂ ಬಿಗಿಯಾಗುತ್ತವೆ. ತುಕ್ಕು ಹಿಡಿದಿದ್ದರೆ ರಾತ್ರಿ ಸೀಮೆಎಣ್ಣೆ ಬಿಟ್ಟು ಬೆಳಿಗ್ಗೆ ಪ್ರಯತ್ನಿಸಿ. ಹೊಸ ಪೆಡಲ್ಲುಗಳ ಅಚ್ಚಿನ ತುದಿಯಲ್ಲಿ ಎಡಕ್ಕೆ ‘ಎಲ್’, ಬಲಕ್ಕೆ ‘ಆರ್’ ಎಂದು ಅಚ್ಚೊತ್ತಿರುತ್ತದೆ. ಅದನ್ನು ನೋಡಿ, ತಿರುಪಿಗೆ ತುಸು ಗ್ರೀಸು ಸವರಿ, ಮೊದಲ ಕೆಲವು ಸುತ್ತುಗಳನ್ನು ಬರಿಗೈಯಲ್ಲೇ ಹಾಕಿ. ಕೈಯಲ್ಲಿ ಸಲೀಸಾಗಿ ಹೋಗದಿದ್ದರೆ ಅಲ್ಲಿಗೇ ನಿಲ್ಲಿಸಿ, ಎಡಬಲ ಅದಲುಬದಲಾಗಿದೆಯೇ ಎಂದು ಇನ್ನೊಮ್ಮೆ ನೋಡಿ.